ಅಡ್ಜಸ್ಟ್ ಎಂಬ ಔಷಧಿ

ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಈಚೆಗೆ ಕಲಿತೆ. 'ಅ' ಒತ್ತಿದರೆ ಸಾಕು, 'ಅಡ್ಜಸ್ಟ್' ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಮನೆಯವರ ಗ್ರೂಪಿನಲ್ಲಿ ಯಾರ ಕಷ್ಟಕ್ಕೂ ನಾನು ಬರೆದುಕೊಡುವ ಔಷಧಿ ಅದೊಂದೇ.

ಹೊಸದುರ್ಗದ ಬಸ್ಸಿನಲ್ಲಿ ಅದಕ್ಕೆ ಸರಿದುಕೊಳ್ಳಿ ಎಂದರ್ಥ. ಮೂವರ ಸೀಟಿಗೆ ನಾಲ್ಕನೆಯವಳಾಗಿ ನಾನು ತೂರಿಕೊಂಡರೆ ಎಲ್ಲರೂ ಒಂದೊಂದು ಚೂರು ಸರಿಯುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದ ದಿನ ಸಹಿಸಿಕೊಳ್ಳಿ ಎಂದು. ಹೊಸ ಚಪ್ಪಲಿ ಕಚ್ಚಿದರೆ ಒಗ್ಗಿಸಿಕೋ ಎಂದು. ಮದುವೆಯಾದ ಹುಡುಗಿಗೆ ಹೇಳಿದಾಗ ಮಾತ್ರ ಬಿಟ್ಟುಕೊಡು, ನುಂಗಿಕೋ, ಬಾಯಿ ಮುಚ್ಚಿಕೋ, ಎಲ್ಲವೂ ಅದರೊಳಗೇ ಇರುತ್ತವೆ. ಸರಿಯುವವಳು ಅವಳೊಬ್ಬಳೇ.

ಮೊಮ್ಮಗಳು ರೂಪಾ ತಾಳ್ಯದ ಗಂಡನ ಮನೆಯಿಂದ ಮಾಡದಕೆರೆಗೆ, ನಮ್ಮ ಮನೆಗೆ ಬಂದು ಕೂತಳು. ಹೊಳಲ್ಕೆರೆಯ ಆಸ್ಪತ್ರೆಯೊಂದರಲ್ಲಿ ಅವಳು ನರ್ಸು. ಕೆಲಸ ಬಿಟ್ಟು ಅಡಿಗೆಮನೆ ನೋಡಿಕೋ ಎಂದಿದ್ದರು ಅತ್ತೆ. ಸೋಮವಾರ ಸಂಜೆ ಕರೆದೊಯ್ಯಲು ಅವರೇ ಬಂದರು.

"ಹೆಣ್ಮಗಳು ಅಡ್ಜಸ್ಟ್ ಮಾಡ್ಕಂಡು ಹೋಗ್ಬೇಕಲ್ವೇನ್ರಿ ಅಜ್ಜಿ? ನೀವೇ ಒಂದ್ ಮಾತು ಹೇಳ್ರಿ" ಎಂದರು.

ರೂಪಾ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮಾತನ್ನು ಅವಳು ಮೀರುವವಳಲ್ಲ. ಹೇಳಿದರೆ ಅವಳ ಕೆಲಸ ಹೋದಂತೆಯೇ.

"ಹೇಳಾಣ ಬಿಡ್ರಿ. ಈಗ ಕತ್ತಲಾತು. ನಾಳೆ ಮಂಗಳವಾರ, ಮನೆ ಮಗಳನ್ನ ಕಳ್ಸಂಗಿಲ್ಲ. ನೀವೂ ಇರ್ರಿ" ಎಂದೆ.

ಶಾಸ್ತ್ರಕ್ಕೆ ಎದುರಾಡಲಾಗದೆ ಉಳಿದರು. ಬೆಳಿಗ್ಗೆ ರೂಪಾ ಡ್ಯೂಟಿಗೆ ಹೊರಟಾಗ ಬೀಗಿತ್ತಿ ಹುಬ್ಬೇರಿಸಿದರು. "ಇವಾಗ ಕಳ್ಸಬೌದಾ?"

"ಸಂಜಿಗೆ ವಾಪಸ್ ಬರ್ತಾಳಲ್ರಿ" ಎಂದೆ.

ಇಬ್ಬರೂ ಕಡಲೆಕಾಯಿ ಸುಲಿಯುತ್ತ ಕೂತೆವು. ಮಧ್ಯಾಹ್ನ ಏಳಲು ಹೋದವರು ಗೋಡೆ ಹಿಡಿದು ನಿಂತುಬಿಟ್ಟರು.

"ಮೊಣಕಾಲು ಅಜ್ಜಿ. ಒಲೆ ಮುಂದೆ ನಿಂತ್ಕಳಾಕೆ ಆಗಲ್ಲ ನಂಗೆ."

"ಮಗನಿಗೆ ಹೇಳೀರಾ?"

"ಯಾರಿಗೂ ಹೇಳಿಲ್ಲ. ಹೆಂಗೋ ಅಡ್ಜಸ್ಟ್ ಮಾಡ್ಕಂಡು ಬಂದೀನಿ."

"ಮನೇಲಿ ನರ್ಸಮ್ಮನ್ನ ಇಟ್ಕಂಡು ನೋವು ಬಚ್ಚಿಟ್ಕಂಡ್ರೇನ್ರಿ? ಮಗನಿಗೆ ಮುದ್ದೆ ಮಾಡಾಕೆ ಬರಲ್ವಾ?"

"ಅವನಿಗಾ? ಎಸರು ಇಡಾಕೂ ಬರಲ್ಲ" ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಸಂಜೆ ರೂಪಾ ಬಂದವಳೇ ಅವರ ಕಾಲು ನೀವಿ ನೋಡಿ, "ಮೊದ್ಲೇ ಹೇಳಬಾರ್ದೇನತ್ತೆ" ಎಂದು ಗದರಿದಳು. ಅತ್ತೆ ಇನ್ನೊಂದು ಕಾಲನ್ನೂ ಅವಳ ಮುಂದೆ ಚಾಚಿದರು.

ಬುಧವಾರ ಹೊರಡುವಾಗ ಸೊಸೆಯ ಡ್ಯೂಟಿ ಬಟ್ಟೆಯನ್ನು ತಾವೇ ಮಡಚಿ ಚೀಲಕ್ಕೆ ಹಾಕಿದರು.

"ಬೆಳಿಗ್ಗಿಂದು ನೀನು ಮಾಡಿಟ್ಟು ಹೋಗವ್ವ. ರಾತ್ರಿ ಮುದ್ದೆ ಅವನು ಕಲೀಲಿ. ಗಂಟಾದ್ರೂ ತಿನ್ನಾಣ."

ಗಂಟಾದ ಮುದ್ದೆಯನ್ನು ಮೂವರೂ ಒಟ್ಟಿಗೆ ಕೂತು ತಿನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಬಹಳ ಹೊತ್ತು ಯೋಚಿಸಿದೆ. ಸಂಸಾರ ಎನ್ನುತ್ತಾರೆ.