ಉಸಿರಿನ ಉ, ಊದುವ ಊ

ಪಾಲಪ್ಪ ಮಾಸ್ತರನ ಬಗ್ಗೆ ಹೊಸಪೇಟೆಯಲ್ಲಿ ಈಗ ಯಾರನ್ನು ಕೇಳಿದರೂ "ಮದುವಿ ಬ್ಯಾಂಡಿನವ" ಎಂದು ಕೈತೊಳೆದುಕೊಳ್ಳುತ್ತಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ನಾನು ಎರ್ರಿಯಪ್ಪ, ಅವನ ಬ್ಯಾಂಡಿನಲ್ಲಿ ಹದಿನಾಲ್ಕು ವರ್ಷ ದೊಡ್ಡ ಡೋಲು ಬಡಿದವನು. ಅವನು ಎಂಥವನಾಗಿದ್ದ, ಏನು ಮಾಡಿದ ಎಂಬುದು ನನಗೆ ಗೊತ್ತು.

ಅವನು ಗಾದಿಗನೂರಿನವನು. ಮೀಸೆ ಮೂಡುವ ಮೊದಲೇ ಬಳ್ಳಾರಿಯ ದಂಡಿಗೆ ಹೋಗಿ, ಗೋರಾ ಸಿಪಾಯಿಗಳ ಬ್ಯಾಂಡಿಗೆ ಸ್ವರದ ಹಾಳೆ ನಕಲು ಮಾಡುವ ಕೆಲಸಕ್ಕೆ ಸೇರಿದ. ಅರವತ್ತು ಜನ ಕೂತು ಬಾರಿಸುವ ವಿಲಾಯಿತಿ ಮೇಳದ ಸಂಗೀತವನ್ನು ಹತ್ತಿಪ್ಪತ್ತು ಹಿತ್ತಾಳೆ ವಾದ್ಯಗಳಿಗೆ ಹೇಗೆ ಹಂಚಬೇಕು ಎಂಬುದನ್ನು ಅಲ್ಲೇ ನೋಡಿ ನೋಡಿ ಕಲಿತ. ದಂಡು ಎದ್ದುಹೋದಾಗ ಅವರು ಬಿಸಾಡಿದ ನೆಗ್ಗಿದ ವಾದ್ಯಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಹೊಸಪೇಟೆಯಲ್ಲಿ ಒಂಬತ್ತು ಜನರ ಬ್ಯಾಂಡು ಕಟ್ಟಿದ.

ನಮಗ್ಯಾರಿಗೂ ಇಂಗ್ಲಿಷರ ಗೆರೆ ಚುಕ್ಕೆ ಓದಲು ಬರುತ್ತಿರಲಿಲ್ಲ. ಪಾಲಪ್ಪ ಎಲ್ಲವನ್ನೂ ಸರಿಗಮ ಮಾಡಿ ಕನ್ನಡದಲ್ಲಿ ಬರೆದುಕೊಡುತ್ತಿದ್ದ. ಊದುವವರಿಗಾಗಿ ಅವನೇ ಎರಡು ಗುರುತು ಮಾಡಿದ್ದ. ಉ ಎಂದರೆ ಉಸಿರು ತಗೋ. ಊ ಎಂದರೆ ಊದು, ಬಿಡಬೇಡ. ಬಲಕ್ಕೊಂದು ಬಾಲ ಎಳೆದರೆ ಉಸಿರು ಹೋಗಿ ಊದು ಆಗುತ್ತಿತ್ತು. ಡೋಲಿಗೆ ಎರಡೂ ಇಲ್ಲ, ನಾನು ಆರಾಮಾಗಿದ್ದೆ.

ಕಾರ್ನೆಟ್ ಎಂಬ ಹಿತ್ತಾಳೆ ತುತ್ತೂರಿ ಊದುತ್ತಿದ್ದವನು ಮೂಕಣ್ಣ, ಪಾಲಪ್ಪನ ತಂಗಿ ಜಂಬವ್ವನ ಗಂಡ. ಸಂಡೂರು ಹತ್ತಿರದ ವಡ್ಡು ಎಂಬ ಊರಲ್ಲಿ ಮನೆ, ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಕೆಲಸ. ಎಂಟು ವರ್ಷ ಆ ಕರಿ ಧೂಳು ಕುಡಿದು ಎದೆ ಹಾಳಾಗಿತ್ತು. ಮಾತಾಡಿದರೆ ಕೆಮ್ಮು, ನಕ್ಕರೆ ಕೆಮ್ಮು. ಕಾರ್ನೆಟ್ ಬಾಯಿಗಿಟ್ಟರೆ ಮಾತ್ರ ಕೆಮ್ಮು ಎಲ್ಲಿ ಹೋಗುತ್ತಿತ್ತೋ, ಅಷ್ಟು ಇಂಪಾಗಿ ಊದುತ್ತಿದ್ದ. ಅವನನ್ನು ಗಣಿಯಿಂದ ಹೊರಗೆ ತರಬೇಕು ಎಂಬುದೊಂದೇ ಪಾಲಪ್ಪನ ಜಪವಾಗಿತ್ತು.

ಮೂವತ್ತೊಂದನೇ ಇಸವಿಯಲ್ಲಿ ಅದಕ್ಕೊಂದು ದಾರಿ ತೆರೆಯಿತು. ಗಣಿಯ ಸಾಹೇಬನು ಕೆಲಸದಿಂದ ನಿವೃತ್ತನಾಗಿ ವಿಲಾಯಿತಿಗೆ ಹೊರಟಿದ್ದ. ಅವನ ಬಂಗಲೆಯಲ್ಲಿ ಗ್ರಾಮಫೋನು ಇತ್ತು. ಒಂದು ಪ್ಲೇಟನ್ನು ಪಾಲಪ್ಪನಿಗೆ ಕೇಳಿಸಿ, ಬೀಳ್ಕೊಡುಗೆಯ ದಿನ ಇದನ್ನು ನಿಮ್ಮ ಬ್ಯಾಂಡು ಬಾರಿಸಿದರೆ ಗಣಿಗೇ ಒಂದು ಕಾಯಂ ಬ್ಯಾಂಡು ಮಾಡಿಸುತ್ತೇನೆ, ಊದುವವರು ಮತ್ತೆ ಗುಂಡಿಗೆ ಇಳಿಯುವುದು ಬೇಡ ಎಂದ.

ಆ ಪ್ಲೇಟಿನಲ್ಲಿದ್ದದ್ದು ಪಿಟೀಲುಗಳ ನಿಧಾನದ ರಾಗ. ಪಿಟೀಲಿಗೆ ಉಸಿರೇಕೆ ಬೇಕು? ಒಬ್ಬನ ಕಮಾನು ತಿರುಗುವಾಗ ಇನ್ನೊಬ್ಬನದು ಎಳೆಯುತ್ತಿರುತ್ತದೆ, ರಾಗ ತುಂಡಾಗುವುದೇ ಇಲ್ಲ. ಪಾಲಪ್ಪ ಹನ್ನೊಂದು ದಿನ ಆ ಬಂಗಲೆಯ ವರಾಂಡದಲ್ಲಿ ಕೂತು ಕೇಳಿ ಬರೆದ. ರಾಗವನ್ನು ಎರಡು ಕಾರ್ನೆಟ್ಟಿಗೆ ಹಂಚಿದ. ಮೂಕಣ್ಣನ ಹಾಳೆಯಲ್ಲಿ ಉ ಇದ್ದಲ್ಲಿ ಎರಡನೇ ಕಾರ್ನೆಟ್ಟಿನ ಗುಡ್ಡಪ್ಪನ ಹಾಳೆಯಲ್ಲಿ ಊ, ಅವನದರಲ್ಲಿ ಉ ಇದ್ದಲ್ಲಿ ಇವನದರಲ್ಲಿ ಊ. ತಾಲೀಮಿನಲ್ಲಿ ಕೇಳಿದಾಗ, ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು.

ಬೀಳ್ಕೊಡುಗೆಯ ಹಿಂದಿನ ದಿನ ಗುಡ್ಡಪ್ಪ ಕಂಪ್ಲಿಯಲ್ಲಿ ಚಳಿಜ್ವರ ಬಂದು ಮಲಗಿಬಿಟ್ಟ. ಆಗಲೇ ನಾವು ವಡ್ಡಿಗೆ ಬಂದು ಮೂಕಣ್ಣನ ಮನೆಯಲ್ಲಿ ಇಳಿದಿದ್ದೆವು. ಬೆಳಿಗ್ಗೆ ಪಾಲಪ್ಪ ಮೂಕಣ್ಣನ ಹಾಳೆ ತೆಗೆದ. ಬೇರೆಲ್ಲಿ ತುಂಡಾದರೂ ಕೊನೆಯ ಸಾಲು ತುಂಡಾಗಬಾರದು; ಅದರಲ್ಲಿ ಮೂರು ಉ ಇದ್ದವು, ಅಲ್ಲಿ ಊದಲು ಗುಡ್ಡಪ್ಪನಿರಲಿಲ್ಲ. ಶಾಯಿ ಸಿಗಲಿಲ್ಲ, ನೇರಳೆ ಸೀಸದಕಡ್ಡಿಯಿಂದ ಮೂರಕ್ಕೂ ಬಾಲ ಎಳೆದ. ನಾನು ಪಕ್ಕದಲ್ಲೇ ಕೂತು ಡೋಲಿನ ಹಗ್ಗ ಬಿಗಿಯುತ್ತಿದ್ದೆ.

"ಮಾಸ್ತರ, ಅವನ ಎದಿ ಹೆಂಗೈತಿ ಗೊತ್ತಲ್ರಿ," ಎಂದೆ.

"ಇದೊಂದು ಸಲ ಊದಿದ್ರ ಜನ್ಮಪೂರ್ತಿ ಉಸಿರಾಡ್ತಾನ. ಸುಮ್ನಿರಲೇ."

ನಾನು ಸುಮ್ಮನಾದೆ. ಕಾಯಂ ಬ್ಯಾಂಡಾದರೆ ನನಗೂ ಒಂದು ನೆಲೆಯಾಗುತ್ತದೆ ಎಂಬ ಆಸೆ ನನಗಿತ್ತು, ಮುಚ್ಚಿಡುವುದೇನು.

ಮೂಕಣ್ಣ ಹಾಳೆಯಲ್ಲಿ ಇದ್ದ ಹಾಗೇ ಊದಿದ. ಕೊನೆಯ ಸಾಲು ಎಲ್ಲಿಯೂ ತುಂಡಾಗಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿದ್ದು, ಕಣ್ಣು ಮೇಲಾದದ್ದು ನನಗೆ ಕಾಣುತ್ತಿತ್ತು, ನನ್ನ ಕೈ ತಾಳ ಬಿಡಲಿಲ್ಲ. ಸಾಹೇಬ ಎದ್ದು ನಿಂತು ಚಪ್ಪಾಳೆ ಹೊಡೆದ. ಮೂಕಣ್ಣ ಕಾರ್ನೆಟ್ ಇಳಿಸಿದಾಗ ಅದರ ಬಾಯಿಂದ ರಕ್ತ ಸುರಿಯಿತು. ಎಂಟನೇ ದಿನಕ್ಕೆ ಸತ್ತ. ಸಾಹೇಬ ಅಷ್ಟರಲ್ಲಿ ಹಡಗು ಹತ್ತಿದ್ದ, ಹೊಸದಾಗಿ ಬಂದವನಿಗೆ ಗ್ರಾಮಫೋನೇ ಸಾಕಿತ್ತು.

ಜಂಬವ್ವ ಹೊಸಪೇಟೆಗೆ ಅಣ್ಣನ ಮನೆಗೆ ಬಂದಳು. ತಂದ ಗಂಟಿನಲ್ಲಿ ಗಂಡನ ಆ ಹಾಳೆಯೂ ಇತ್ತು. ತಿಂಗಳು ಕಳೆದ ಮೇಲೆ, "ಯಣ್ಣಾ, ನನಗ ಅಕ್ಷರ ಕಲಿಸು," ಎಂದಳು. ಪಾಲಪ್ಪ ಮಣ್ಣಿನ ಮೇಲೆ ಬರೆದು ಕಲಿಸಿದ: ಅ, ಆ, ಇ, ಈ. ಅಲ್ಲಿಗೆ ನಿಂತ. ನಾಳೆ ಎಂದ, ನಾಡಿದ್ದು ಎಂದ, ಮಳೆಗಾಲ ಪೂರ್ತಿ ಅವನಿಗೆ ಪುರಸೊತ್ತೇ ಸಿಗಲಿಲ್ಲ. ಕಡೆಗೆ ಅವಳು ಆ ಹಾಳೆ ಹಿಡಿದು ನನ್ನ ಹತ್ತಿರ ಬಂದಳು. ಒಮ್ಮೆ ಬಾಯಿ ಮುಚ್ಚಿಕೊಂಡ ಪಾಪವೇ ಸಾಕಾಗಿತ್ತು, ಉ, ಊ ಕಲಿಸಿ ಆ ಬೆಳಗಿನದನ್ನೂ ಹೇಳಿಬಿಟ್ಟೆ.

ನಾನೂ ಅವಳ ಹಿಂದೆಯೇ ಹೋದೆ. ಪಾಲಪ್ಪ ಹುಣಸೆಹಣ್ಣು ಹಚ್ಚಿ ಕಾರ್ನೆಟ್ ತಿಕ್ಕುತ್ತಿದ್ದ. ಜಂಬವ್ವ ಅವನ ಮುಂದೆ ಹಾಳೆ ಹರಡಿದಳು.

"ನೀ ಈ ತನಕ ಕಲಿಸಿದ್ದಿ. ಮುಂದಿನ ಎರಡು ಕಲ್ತು ಬಂದೀನಿ. ಈ ನೇರಳೆ ಬಾಲ ಯಾರು ಹಚ್ಚಿದ್ದು?"

ಅವನು ಕಾರ್ನೆಟ್ ಕೆಳಗಿಟ್ಟ. "ನಾನ."

"ಅವನಿಗೆ ಬಾಯಿಲೆ ಯಾಕ ಹೇಳಲಿಲ್ಲ?"

"ಬಾಯಿಲೆ ಹೇಳಿದ್ರ ಅವ ನನ್ನ ಮಾರಿ ನೋಡತಿದ್ದ ತಂಗಿ. ಹಾಳಿಗಾದ್ರ ಮಾರಿ ಇಲ್ಲ."

ಜಂಬವ್ವ ಹಾಳೆ ಮಡಿಚುತ್ತಾ ಹೇಳಿದಳು: "ಅವತ್ತು ಮುಂಜಾನಿ ಅವ ಇದನ್ನ ನನಗ ತೋರಿಸಿದ್ದ. ನಿಮ್ಮಣ್ಣ ಉಸಿರು ಮರ್ತಾನೇನು, ಹೋಗಿ ಕೇಳಲೇನು ಅಂದ. ನಾನ ಬ್ಯಾಡ ಅಂದೆ. ನಮ್ಮಣ್ಣ ಬರದಿದ್ದು ತಪ್ಪಿರಂಗಿಲ್ಲ, ಇದ್ದಂಗ ಊದು ಅಂದೆ."

ಪಾಲಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಯಾರಿಗೂ ಮತ್ತೊಂದು ಹಾಳೆ ಬರೆದುಕೊಡಲಿಲ್ಲ.