ಮೇಸ್ತ್ರಿಗಳ ಹಕ್ಕಿಯ ಊಟ

ಹೋದ ತಿಂಗಳು ಮನೆಗೆ ಹೊಸ ಪರದೆ ಹೊಲಿಸಿದೆ. ತಂದು ನೇತುಹಾಕಿದರೆ ಬಾಗಿಲ ಪರದೆ ಸುಮಾರು ಎರಡಿಂಚು ಗಿಡ್ಡ. ಇಲ್ಲೇ ಶಿವಮೊಗ್ಗದ ಗಾಂಧಿ ಬಜಾರಿನ ದರ್ಜಿಯ ಹತ್ತಿರ ಹೋಗಿ ಅರ್ಧ ಗಂಟೆ ಜಗಳವಾಡಿದೆ. ಅವನು ನಾನೇ ಬರೆದುಕೊಟ್ಟಿದ್ದ ಚೀಟಿಯನ್ನು ಮುಂದೆ ಹಿಡಿದು, "ಮೇಡಮ್, ಅಳತೆ ನಿಮ್ದು. ಕತ್ರಿ ಮಾತ್ರ ನಮ್ದು" ಎಂದ. ಮನೆಗೆ ಬಂದು ಬಾಗಿಲನ್ನು ಮತ್ತೆ ಅಳೆದೆ. ಚೀಟಿಯಲ್ಲಿದ್ದದ್ದೇ ಬಂತು. ಆಮೇಲೆ ಕೈಯಲ್ಲಿದ್ದ ಸ್ಕೇಲನ್ನು ಸರಿಯಾಗಿ ನೋಡಿದೆ. ಎರಡಡಿಯ ಉಕ್ಕಿನ ಪಟ್ಟಿ, ಒಂದು ತುದಿಯಲ್ಲಿ ತೂತು, ತೂತಿನಲ್ಲಿ ಬಣ್ಣಗೆಟ್ಟ ಕೆಂಪು ದಾರ. ಹೊಲಿಗೆ ಯಂತ್ರದ ಡ್ರಾಯರಿನ ತಳದಿಂದ ಯೋಚನೆ ಮಾಡದೆ ಎಳೆದುಕೊಂಡಿದ್ದೆ. ಈ ಮನುಷ್ಯ ತೀರಿಹೋಗಿ ಇಷ್ಟು ವರ್ಷವಾದರೂ ನನ್ನ ಕೆಲಸ ಕೆಡಿಸುವುದನ್ನು ಬಿಟ್ಟಿಲ್ಲವಲ್ಲ ಎಂದು ಪಿತ್ತ ನೆತ್ತಿಗೇರಿತು.

ಆ ಸ್ಕೇಲು ಭದ್ರಾವತಿಯ ಒಬ್ಬ ಪ್ಯಾಟರ್ನ್ ಮೇಸ್ತ್ರಿಯದು. ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಮೊದಲು ಆ ವಸ್ತುವಿನ ಆಕಾರವನ್ನು ಮರದಲ್ಲಿ ಮಾಡಿಕೊಳ್ಳಬೇಕು. ಅದನ್ನು ಮರಳಿನಲ್ಲಿ ಒತ್ತಿ, ಉಳಿದ ಗುಳಿಗೆ ಕರಗಿದ ಉಕ್ಕು ಸುರಿಯುತ್ತಾರೆ. ಉಕ್ಕು ತಣ್ಣಗಾಗುತ್ತ ಕುಗ್ಗುತ್ತದೆ. ಆದ್ದರಿಂದ ಮರದ ಆಕಾರ ಮೊದಲೇ ಅಷ್ಟು ದೊಡ್ಡದಿರಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಅವರ ಸ್ಕೇಲನ್ನೇ ಉದ್ದ ಮಾಡಿರುತ್ತಾರೆ. ಅದರಲ್ಲಿ ಒಂದಡಿ ಎಂದರೆ ಒಂದಡಿಯ ಮೇಲೆ ಕಾಲಿಂಚು. ನೋಡಲು ಮಾತ್ರ ಎಲ್ಲ ಸ್ಕೇಲಿನ ಹಾಗೆಯೇ ಇರುತ್ತದೆ.

ಇಪ್ಪತ್ತೈದು ವರ್ಷಗಳ ಹಿಂದೆ ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ತಾತ್ಕಾಲಿಕ ಕೆಲಸ. ವರ್ಷ ವರ್ಷವೂ ಹೆಡ್‌ಮಾಸ್ತರರ ಮುಖ ನೋಡಬೇಕು. ಮೇಸ್ತ್ರಿಗಳು ನನ್ನ ಬಾಡಿಗೆ ಮನೆಯ ಪಕ್ಕದಲ್ಲಿದ್ದರು. ನಿವೃತ್ತರಾಗಿದ್ದರು, ಹೆಂಡತಿ ತೀರಿಕೊಂಡಿದ್ದರು. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಬಾಯಿಗೆ ಬಿಡುವಿಲ್ಲ. ಬೆಳಿಗ್ಗೆ ನಾನು ತಿಂಡಿ ತಿನ್ನಲು ಕೂತರೆ ಸಾಕು, ಕಾಂಪೌಂಡಿನ ಆಚೆಯಿಂದ ಪ್ರಶ್ನೆ ಶುರು. ನಿಮ್ಮ ಕುರ್ಚಿಯ ಕಾಲು ಯಾಕೆ ಅಲ್ಲಾಡುತ್ತದೆ, ನಿಮ್ಮ ಬಾಗಿಲು ಯಾಕೆ ಕಿರುಗುಟ್ಟುತ್ತದೆ... ನಾನು ಸ್ಕೂಲಿಗೆ ಹೋಗಿ ಬರುವಷ್ಟರಲ್ಲಿ ಎರಡನ್ನೂ ರಿಪೇರಿ ಮಾಡಿಟ್ಟಿರುತ್ತಿದ್ದರು. ಕೇಳದೆ ಮಾಡುವ ಉಪಕಾರಕ್ಕೆ ಬಯ್ಯುವುದಾದರೂ ಹೇಗೆ?

ಆ ವರ್ಷ ವಿಜ್ಞಾನ ಪ್ರದರ್ಶನ ಬಂತು. ನಮ್ಮ ಸ್ಕೂಲಿನಿಂದ ಏನಾದರೂ ಶಿವಮೊಗ್ಗಕ್ಕೆ, ಜಿಲ್ಲಾ ಮಟ್ಟಕ್ಕೆ ಹೋಗಲೇಬೇಕು ಎಂದರು ಹೆಡ್‌ಮಾಸ್ತರರು. ಹೋಗದಿದ್ದರೆ ಮುಂದಿನ ವರ್ಷ ನನ್ನ ಗತಿ ಏನೆಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಹತ್ತಿರ ಹಳೆಯ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಗ್ಯಾಸ್ಟೋರ್ನಿಸ್ ಎಂಬ ಹಕ್ಕಿಯ ಚಿತ್ರ. ಕೋಟ್ಯಂತರ ವರ್ಷಗಳ ಹಿಂದಿನದು, ಮನುಷ್ಯನಿಗಿಂತ ಎತ್ತರ, ಹಾರಲು ಬಾರದು, ಕೊಡಲಿಯಷ್ಟು ದಪ್ಪ ಕೊಕ್ಕು. ಆ ಕಾಲದ ಕುದುರೆಗಳು ನಾಯಿಯ ಗಾತ್ರದವು, ಈ ಹಕ್ಕಿ ಅವನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಿನ್ನುತ್ತಿತ್ತು ಎಂದು ಬರೆದಿತ್ತು. ಇದಕ್ಕಿಂತ ಇನ್ನೇನು ಬೇಕು? ಬಾಯಲ್ಲಿ ಕುದುರೆ ಕಚ್ಚಿಕೊಂಡ ಆಳೆತ್ತರದ ಹಕ್ಕಿಯನ್ನು ನೋಡಿದರೆ ತೀರ್ಪುಗಾರರು ದಂಗಾಗಬೇಕು. ಮಾಡಿಕೊಡುವವರು ಯಾರು ಎಂಬುದಕ್ಕೆ ಪಕ್ಕದ ಮನೆಯೇ ಉತ್ತರವಾಗಿತ್ತು.

ಮೇಸ್ತ್ರಿಗಳು ಪುಸ್ತಕವನ್ನು ಇಸಕೊಂಡು ಹೋದವರು ಮೂರು ದಿನ ವಾಪಸ್ ಕೊಡಲಿಲ್ಲ. ನಾಲ್ಕನೆಯ ದಿನ ಕಾಂಪೌಂಡಿನ ಮೇಲೆ ಅದನ್ನು ಬಿಡಿಸಿಟ್ಟು, ತಲೆಬುರುಡೆಯ ಚಿತ್ರದ ಮೇಲೆ ಬೆರಳಿಟ್ಟರು.

"ಟೀಚರಮ್ಮ, ಈ ಗ್ಯಾಸ್ ಹಕ್ಕಿ ಕೊಕ್ಕಿನ ತುದೀಲಿ ಕೊಕ್ಕೆ ಎಲ್ಲಿದೆ? ಹದ್ದಿಗಿದೆ, ಗಿಡುಗಕ್ಕಿದೆ. ಕೊಕ್ಕೆ ಇಲ್ದೆ ಮಾಂಸ ಹೆಂಗೆ ಹರಿಯುತ್ತೆ? ಇದು ಮಚ್ಚಲ್ಲ, ಅಡಕೆ ಕತ್ರಿ. ಕಾಯಿ, ಬೀಜ ಒಡೆಯೋ ಸಾಮಾನು."

ಅಲ್ಲಿಂದ ಒಂದು ತಿಂಗಳು ನನ್ನ ತಲೆ ತಿಂದರು. ಕಾಲಿನ ಉಗುರು ನೋಡಿ, ಮೊಂಡು. ಈ ಮೈ ಹೊತ್ತುಕೊಂಡು ಕುದುರೆಯ ಹಿಂದೆ ಓಡುತ್ತದಾ? ಓಡಿದರೂ ಯಾವ ಕೈಯಲ್ಲಿ ಹಿಡಿಯುತ್ತದೆ? ಕೋಳಿಯ ಹೊಟ್ಟೆ ಕೊಯ್ದು ನೋಡಿದ್ದೀರಾ, ಒಳಗೆ ಕಲ್ಲಿರುತ್ತದೆ, ಕಾಳು ಅರೆಯಲಿಕ್ಕೆ. ಇದಕ್ಕೂ ಇದ್ದಿರಬೇಕು... ಇದೆಲ್ಲ ನಾನು ಉಪ್ಪಿಟ್ಟು ತಿನ್ನುವಾಗ. ನಾನೋ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು, ಹಕ್ಕಿ ಮಾಂಸ ತಿನ್ನಲೇಬೇಕೆಂದು ಪಟ್ಟು ಹಿಡಿದಿದ್ದೆ. ಅವರೋ ಭಾನುವಾರ ಕೋಳಿಸಾರಿಲ್ಲದೆ ತಟ್ಟೆಯ ಮುಂದೆ ಕೂರದವರು, ಅದಕ್ಕೆ ಸೊಪ್ಪುಸದೆ ತಿನ್ನಿಸಲು ಹೊರಟಿದ್ದರು. ಪುಸ್ತಕದಲ್ಲೇ ಬರೆದಿದೆ ಮೇಸ್ತ್ರಿಗಳೇ ಎಂದರೆ, "ಬರೆದೋರು ಅದು ತಿನ್ನೋದನ್ನ ನೋಡಿದಾರಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಕೆಲಸ ಮಾತ್ರ ಅಚ್ಚುಕಟ್ಟು. ಅದನ್ನು ಇಲ್ಲವೆನ್ನಲಾರೆ. ಹಳೆಯ ಪೆಟ್ಟಿಗೆಗಳ ಹಲಗೆಯಿಂದ ಹೊಟ್ಟೆ, ಬುಡದ ಪೀಠ ಮತ್ತು ಕಾಲು ತೇಗದ್ದು. ಹೊಟ್ಟೆಯನ್ನು ತಮ್ಮ ಕಸುಬಿನ ಪದ್ಧತಿಯಂತೆ ಎರಡು ಹೋಳಾಗಿ ಮಾಡಿ, ಮೊಳೆಯಿಲ್ಲದೆ ಮರದ ಗೂಟಗಳಿಂದ ಸೇರಿಸಿದ್ದರು. ಮೇಲೆ ಕಾಗದದ ಗರಿ, ಬಣ್ಣ. ಕೊಕ್ಕೊಂದನ್ನೇ ಒಂದು ವಾರ ಉಜ್ಜಿದರು. ಕೊಕ್ಕೆ ಹಾಕಿ ಎಂದು ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಹಕ್ಕಿಯನ್ನು ಸ್ಕೂಲಿಗೆ ತಂದೆವು. ಹಾಲ್‌ನ ಬಾಗಿಲ ಎತ್ತರ ನೋಡಿಕೊಂಡು, ಪೀಠ ಸೇರಿ ಆರು ಮುಕ್ಕಾಲು ಅಡಿ ಎಂದು ಬರೆದುಕೊಟ್ಟಿದ್ದೆ. ಬಾಗಿಲು ಅದಕ್ಕಿಂತ ಒಂದಿಂಚು ಹೆಚ್ಚು. ಹಕ್ಕಿಯ ತಲೆ ಚೌಕಟ್ಟಿಗೆ ಬಡಿದು ನಿಂತಿತು. ಮೇಸ್ತ್ರಿಗಳು ತಮ್ಮ ಸ್ಕೇಲು ತೆಗೆದು ಅಳೆದು, "ಆರು ಮುಕ್ಕಾಲೇ ಇದೆಯಲ್ಲ" ಎಂದರು. ಡ್ರಾಯಿಂಗ್ ಮಾಸ್ತರರ ಟೇಪು ತಂದು ಅಳೆದರೆ ಒಂದೂ ಮುಕ್ಕಾಲು ಇಂಚು ಜಾಸ್ತಿ. ಆಗಲೇ ನನಗೆ ಆ ಸ್ಕೇಲಿನ ಗುಟ್ಟು ಗೊತ್ತಾದದ್ದು. ಮೂವತ್ತು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಆ ಸ್ಕೇಲನ್ನೇ ಎತ್ತಿಕೊಂಡಿದೆ. ಮೇಸ್ತ್ರಿಗಳು ತಲೆ ಕೆರೆದುಕೊಂಡು, "ಉಕ್ಕಾಗಿದ್ರೆ ತಣ್ಣಗಾದ್ಮೇಲೆ ಸರಿ ಹೋಗ್ತಿತ್ತು" ಎಂದರು. ಮರದ ಹಕ್ಕಿ ಎಲ್ಲಿಂದ ತಣ್ಣಗಾಗಬೇಕು? ಒಂದಿಷ್ಟು ವಾಲಿಸಿ ಒಳಗೆ ತರೋಣ ಎಂದರೆ ಅಡ್ಡ ನಿಂತುಬಿಟ್ಟರು. "ಬೇಡ ಬೇಡ, ಹೊಟ್ಟೇಲಿರೋದೆಲ್ಲ ಗಂಟಲಿಗೆ ಬರುತ್ತೆ." ಎತ್ತಿ ತರುವಾಗ ಒಳಗೆ ಏನೋ ಗಲಗಲ ಅನ್ನುತ್ತಿದ್ದದ್ದು ನಿಜ. ಬಿಟ್ಟುಹೋದ ಮರದ ತುಂಡೋ ಗೂಟವೋ ಇರಬೇಕೆಂದುಕೊಂಡೆ. ಹಕ್ಕಿ ಜಗಲಿಯಲ್ಲೇ ಉಳಿಯಿತು.

ಅವರು ಮನೆಗೆ ಹೋದ ಮೇಲೆ ನಾನು ಆ ಕೆಲಸ ಮಾಡಿದೆ. ತಗಡು ಕತ್ತರಿಸಿ ಕೊಕ್ಕೆ ಮಾಡಿ, ಎಂಸೀಲ್ ಮೆತ್ತಿ ಕೊಕ್ಕಿನ ತುದಿಗೆ ಅಂಟಿಸಿ ಬಣ್ಣ ಬಳಿದೆ. ಹೊಳೆಹೊನ್ನೂರಿನ ಸಂತೆಯಲ್ಲಿ ತಂದಿಟ್ಟುಕೊಂಡಿದ್ದ ರಬ್ಬರ್ ಕುದುರೆಯನ್ನು ಬಾಯಿಗೆ ಸಿಕ್ಕಿಸಿದೆ.

ಮರುದಿನ ಮೇಸ್ತ್ರಿಗಳು ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಬಂದರು. ಜಗಲಿಯ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಶಿವಮೊಗ್ಗದ ತೀರ್ಪುಗಾರರು ಬಂದರು. ಅವರಲ್ಲೊಬ್ಬರು ಹಕ್ಕಿಯ ಸುತ್ತ ಒಂದು ಸುತ್ತು ಹಾಕಿ, ಮಾಡಿದವರು ಮೇಸ್ತ್ರಿಗಳೇ ಎಂದು ತಿಳಿದು, ನನ್ನನ್ನು ಬಿಟ್ಟು ಅವರನ್ನೇ ಕೇಳಿದರು, "ಇದು ಏನು ತಿಂತಿತ್ತು?"

ಅವರು ಕೊಕ್ಕೆಯ ವಿಷಯ ಎತ್ತಿದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಮೇಸ್ತ್ರಿಗಳು ನನ್ನ ಕಡೆ ಒಮ್ಮೆ ನೋಡಿದರು.

"ಟೀಚರಮ್ಮ ಏನ್ ಕೊಡ್ತಾರೋ ಅದನ್ನ, ಸಾರ್."

ಎಲ್ಲರೂ ನಕ್ಕರು. ತೀರ್ಪುಗಾರರು ನಗುತ್ತಲೇ ಏನೋ ಗುರುತು ಹಾಕಿಕೊಂಡು ಮುಂದೆ ಹೋದರು. ಮೇಸ್ತ್ರಿಗಳು ನನ್ನನ್ನು ಉಳಿಸಿದ್ದರು. ಅಷ್ಟು ಅರ್ಥವಾಗಲು ನನಗೆ ಬುದ್ಧಿ ಬೇಡವೇ? ಮಕ್ಕಳ ಮುಂದೆ ನನ್ನನ್ನು ನಗೆಪಾಟಲು ಮಾಡಿದರೆಂದು ಮಾತ್ರ ಹೊಳೆಯಿತು. ಅದೇ ಮಕ್ಕಳ ಮುಂದೆ ಅವರ ಮೇಲೆ ಹರಿಹಾಯ್ದೆ. "ನಿಮಗೇನ್ರೀ ಗೊತ್ತು? ಮರ ಕೆತ್ತೋದೊಂದು ಬಿಟ್ಟು ನಿಮಗೇನು ಗೊತ್ತಿದೆ? ಇದು ಓದಿದೋರು ಬರೆದಿರೋದು!"

ಮೇಸ್ತ್ರಿಗಳು ಹಕ್ಕಿಯ ಹತ್ತಿರ ಹೋಗಿ, ನಾನು ಅಂಟಿಸಿದ ಕೊಕ್ಕೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. "ಅಂಟು ಚೆನ್ನಾಗಿ ಹಿಡ್ಕೊಂಡಿದೆ ಟೀಚರಮ್ಮ" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಹಿಂದಿನ ದಿನ ಅಳೆದಿಟ್ಟ ಸ್ಕೇಲು ಪೀಠದ ಮೇಲೆಯೇ ಉಳಿಯಿತು.

ಹಕ್ಕಿ ಶಿವಮೊಗ್ಗಕ್ಕೆ ಹೋಗಿ ಬಂತು. ಬಹುಮಾನ ಬರಲಿಲ್ಲ, ಆದರೆ ನನ್ನ ಕೆಲಸ ಉಳಿಯಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕಾಂಪೌಂಡಿನ ಆಚೆ ಯಾರೂ ನಿಲ್ಲುತ್ತಿರಲಿಲ್ಲ. ನೆಮ್ಮದಿ ಎಂದುಕೊಂಡೆ. ಎತ್ತಿಟ್ಟುಕೊಂಡಿದ್ದ ಸ್ಕೇಲನ್ನು ನಾಳೆ ಕೊಟ್ಟರಾಯಿತು, ಭಾನುವಾರ ಕೊಟ್ಟರಾಯಿತು... ಅಷ್ಟರಲ್ಲಿ ನನಗೆ ಶಿವಮೊಗ್ಗದಲ್ಲಿ ಕಾಯಂ ಕೆಲಸ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಮೇಸ್ತ್ರಿಗಳು ತೀರಿಕೊಂಡ ಸುದ್ದಿ ಬಂದಾಗ ಪರೀಕ್ಷೆಯ ಡ್ಯೂಟಿ ಇದೆ ಎಂದು ಹೋಗಲಿಲ್ಲ. ಡ್ಯೂಟಿ ಇದ್ದದ್ದು ನಿಜ. ಅರ್ಧ ದಿನ ಮಾತ್ರ.

ಪರದೆ ಗಿಡ್ಡವಾದ ಸಂಜೆ ಈ ಕಥೆಯನ್ನೆಲ್ಲ ತಂಗಿಯ ಮಗಳಿಗೆ ಹೇಳಿದೆ. ಶಂಕರಘಟ್ಟದಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗಿ. ನಗಲಿ ಎಂದು ಹೇಳಿದ್ದು. ಅವಳು ನಗಲಿಲ್ಲ.

"ಅಯ್ಯೋ ದೊಡ್ಡಮ್ಮ, ಅದು ಸೊಪ್ಪು, ಬೀಜ ತಿನ್ನೋ ಹಕ್ಕಿ. ಮೂಳೆಯಲ್ಲಿರೋ ಕ್ಯಾಲ್ಸಿಯಂ ಪರೀಕ್ಷೆ ಮಾಡಿ ನೋಡಿದಾರೆ. ಕೊಕ್ಕೆ ಇದ್ದು ಮಾಂಸ ತಿನ್ನೋ ದೊಡ್ಡ ಹಕ್ಕಿಗಳೂ ಇದ್ವು, ಆದ್ರೆ ಅವು ದಕ್ಷಿಣ ಅಮೆರಿಕದ ಬೇರೆ ಜಾತಿ. ನಿಮ್ದಲ್ಲ."

ನನ್ನ ಹಕ್ಕಿಗೆ ಕೊಕ್ಕೆ ಇರಲಿಲ್ಲ ಎಂಬುದೇ ವಿಜ್ಞಾನಿಗಳಿಗೆ ಒಂದು ಸುಳಿವಂತೆ. ನಾನು ಉಪ್ಪಿಟ್ಟು ನುಂಗುತ್ತ ತಿಂಗಳಿಡೀ ಕೇಳಿದ್ದ ಮಾತು.

ಮರುದಿನವೇ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಯಾರಿಗೆ ಕೊಡಲು ಹೊರಟಿದ್ದೆನೋ ನನಗೇ ಗೊತ್ತಿಲ್ಲ. ಅವರ ಮನೆಯಲ್ಲಿ ಬೇರೆ ಯಾರೋ ಇದ್ದರು, ಮೇಸ್ತ್ರಿಗಳ ಹೆಸರನ್ನೂ ಕೇಳಿದವರಲ್ಲ. ಸ್ಕೂಲಿಗೆ ಹೋದೆ. ಸಾಮಾನಿನ ಕೋಣೆಯ ಜಗಲಿ ಮೂಲೆಯಲ್ಲಿ, ಮುರಿದ ಬೆಂಚುಗಳ ಹಿಂದೆ, ಹಕ್ಕಿ ಹಾಗೇ ನಿಂತಿತ್ತು. ಬಾಗಿಲೊಳಗೆ ಹೋಗದಿದ್ದರಿಂದ ಕೋಣೆಯ ಹೊರಗೇ ಇಟ್ಟಿದ್ದರು! ಗರಿ ಉದುರಿತ್ತು. ಕುದುರೆಯನ್ನು ಯಾವ ಕಾಲದಲ್ಲೋ ಯಾರೋ ಹೊತ್ತೊಯ್ದಿದ್ದರು. ಕೊಕ್ಕೆ ಮಾತ್ರ ಗಟ್ಟಿಯಾಗಿ ಕೂತಿತ್ತು.

ಅಟೆಂಡರ್ ಹತ್ತಿರ ಸ್ಕ್ರೂಡ್ರೈವರ್ ಇಸಕೊಂಡು ಅದನ್ನು ಮೀಟಿ ತೆಗೆದೆ. ಕಾಲು ಗಂಟೆ ಬೇಕಾಯಿತು. ಅದರ ಕೆಳಗೆ ಮೇಸ್ತ್ರಿಗಳು ಒಂದು ವಾರ ಉಜ್ಜಿದ ಕೊಕ್ಕು ಒಂದು ಗೀರೂ ಇಲ್ಲದೆ ಇತ್ತು. ಮೀಟುವಾಗ ಹೊಟ್ಟೆಯೊಳಗೆ ಮತ್ತೆ ಗಲಗಲ. ಅಟೆಂಡರ್ ಒಂದು ಕಡೆ ಹಿಡಿದ, ನಾನು ಒಂದು ಕಡೆ ಎಳೆದೆ. ಗೂಟಗಳು ಸಲೀಸಾಗಿ ಬಿಟ್ಟುಕೊಂಡು ಹೊಟ್ಟೆ ಎರಡು ಹೋಳಾಯಿತು.

ಒಳಗೆ ಬೊಗಸೆ ತುಂಬ ಹೊಳೆಯ ನುಣುಪು ಕಲ್ಲುಗಳು. ಅವುಗಳ ನಡುವೆ ಹುಣಸೆ ಬೀಜ, ಒಣಗಿ ಕಲ್ಲಾದ ನಾಲ್ಕೈದು ಅಡಕೆ. ಒಂದು ಅಡಕೆಯನ್ನು ಕತ್ತರಿಯಲ್ಲಿ ನೀಟಾಗಿ ಎರಡು ಹೋಳು ಮಾಡಿ ಹಾಕಿದ್ದರು. ಈ ಜಾತಿಯ ಹಕ್ಕಿಯ ಹೊಟ್ಟೆಯಲ್ಲಿ ನಿಜಕ್ಕೂ ಕಲ್ಲಿರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ತಂಗಿಯ ಮಗಳಿಗೂ ಗೊತ್ತಿಲ್ಲ. ನಾನು ಅದರ ಬಾಯಿಗೆ ಕುದುರೆ ತುರುಕುವ ಮೊದಲೇ ಮೇಸ್ತ್ರಿಗಳು ಅದಕ್ಕೆ ಊಟ ಹಾಕಿ ಕಳಿಸಿದ್ದರು. ತೀರ್ಪುಗಾರರು ಕೇಳಿದಾಗ, ಹೊಟ್ಟೆ ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ.

"ತಪ್ಪು ನಂದು ಮೇಸ್ತ್ರಿಗಳೇ" ಎಂದು ಜೋರಾಗಿಯೇ ಹೇಳಿದೆ. ಅಟೆಂಡರ್, "ಏನ್ ಮೇಡಮ್?" ಎಂದ.

ಹೊಟ್ಟೆ ಮುಚ್ಚಿಸಿ ವಾಪಸ್ ಬಂದೆ. ಸ್ಕೇಲು ಈಗ ಊಟದ ಮೇಜಿನ ಮೇಲಿದೆ, ಪರದೆ ಇನ್ನೂ ಗಿಡ್ಡವಾಗಿಯೇ ಇದೆ. ಮೇಸ್ತ್ರಿಗಳು ಬದುಕಿದ್ದು ಈ ಸುದ್ದಿ ಕೇಳಿದ್ದರೆ, ನಾನು ಹೇಳ್ಲಿಲ್ವಾ ಟೀಚರಮ್ಮ, ನಾನು ಹೇಳ್ಲಿಲ್ವಾ ಎಂದು ಕಾಂಪೌಂಡಿನ ಆಚೆ ನಿಂತು ಸಾಯುವ ತನಕ ನನ್ನ ಜೀವ ಹಿಂಡುತ್ತಿದ್ದರು. ಒಂದು ದಿನವೂ ನೆಮ್ಮದಿಯಾಗಿ ತಿಂಡಿ ತಿನ್ನಲು ಬಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಈಗ ನೆಮ್ಮದಿಯಾಗಿ ತಿನ್ನುತ್ತೇನೆ... ಏನೂ ಸೇರುವುದಿಲ್ಲ.