ಹೊಸ್ತಿಲದಾಗ ಸಿಕ್ಕೊಂಡ ಹೆಸರು

ಗಂಡನ ಹೆಸರು ಬಾಯಿಂದ ತೆಗೀಬಾರದು ಅನ್ನೋ ರಿವಾಜು ಇದ್ದದ್ದು ನನಗ ಒಳ್ಳೇದೇ ಆಗಿತ್ತು. ನಾನು ಉಗ್ಗತೇನಿ. ಅದರಾಗೂ 'ಮ' ಬಂತಂದ್ರ ಎರಡೂ ತುಟಿ ಅಂಟಿಕೊಂಡುಬಿಡ್ತಾವ. ನಮ್ಮ ಮನಿಯವರ ಹೆಸರು ಶುರುವಾಗೋದೇ 'ಮ'ದಿಂದ. ನನ್ನ ನಸೀಬ ನೋಡ್ರಿ!

ಆದ್ರ ಆ ರಿವಾಜಿಗೆ ಒಂದು ದಿನ ಸೂಟಿ ಅದ. ಹೊಸ ಸೊಸಿ ಅತ್ತಿಮನಿ ಹೊಸ್ತಿಲ ದಾಟೋ ಮುಂದ ಒಡಪು ಹಾಕಿ, ಅಂದ್ರ ಹಾಡಿನಂಥಾ ಸಾಲು ಕಟ್ಟಿ, ಕಡೀಕ ಗಂಡನ ಹೆಸರು ಹೇಳಬೇಕು. ಇಲ್ಲಂದ್ರ ಹೆಂಗಸರು ಒಳಗ ಬಿಡಂಗಿಲ್ಲ. ನನ್ನ ನೋಡಾಕ ಬಂದಾಗ ಎಲ್ಲಾ ಮಾತು ಅವ್ವನೇ ಆಡಿದ್ದಳು. ಫೋನಿನಾಗ ನಮ್ಮ ಮನಿಯವರ ಜೋಡಿ ನಾನು ಬರೇ ಹೂಂ, ಹ್ಞೂಂ ಅಂದಿದ್ದೆ. ಬೀಗರಿಗೆ ನನ್ನ ಉಗ್ಗು ಗೊತ್ತೇ ಇರಲಿಲ್ಲ. "ಒಡಪಿನಾಗ ಸಿಕ್ಕಿಬಿದ್ರ ಮುಗೀತು ನಿನ್ನ ಕಥಿ" ಅಂತ ತವರು ನೆಲೋಗಿಯಿಂದ ಅತ್ತಿಮನಿ ಆಳಂದ ಮುಟ್ಟೋತನಾ ಅವ್ವ ಕಿವ್ಯಾಗ ಅಂದಳು.

ನಾದನಿ ಬಾಗಲಕ್ಕ ಕೈ ಅಡ್ಡ ಇಟ್ಟು, "ಹೇಳ್ರಿ ವೈನಿ!" ಅಂದಳು.

"ಹೊಲಕ್ಕ ಚಂದ ತೊಗರಿ ಹೂವ, ರೊಟ್ಟಿಗೆ ಚಂದ ಎಳ್ಳಿನ ಕಾಳ, ಅತ್ತಿ ಹೊಸ್ತಿಲ ದಾಟೋ ಹೊತ್ತಿಗೆ ಹೇಳ್ತೇನಿ ಕೇಳ್ರಿ..."

ಅಲ್ಲೀತನಾ ಸಲೀಸ ಬಂತು. ಆಮೇಲೆ "ಮ್... ಮ್..." ಕುತ್ತಿಗಿ ನರ ಉಬ್ಬಿದ್ವು, ಕಣ್ಣು ಮುಚ್ಚಿಕೊಂಡ್ವು. ನಾಚಿಕಿ ಅಂತ ನಕ್ಕವರು ಒಬ್ಬರ ಮಾರಿ ಒಬ್ಬರು ನೋಡಿದರು. "ಯವ್ವಾ, ಉಗ್ಗ ಅದೇನ ಇದಕ?" ಅಂದಳು ಅತ್ತಿ.

ಪಕ್ಕದಾಗ ನಿಂತಿದ್ದ ನಮ್ಮ ಮನಿಯವರು, "ನನ್ನ ಹೆಸರು ನಾನೇ ಹೇಳ್ತೇನಿ, ದಾರಿ ಬಿಡ್ರಿ" ಅಂದು ತಮ್ಮ ಹೆಸರು ಜೋರಾಗಿ ಹೇಳೇಬಿಟ್ಟರು. ಎಲ್ಲಾರೂ ಘೊಳ್ಳಂತ ನಕ್ಕರು. ಪುಣ್ಯಾ ಮಾಡೀದಿ, ಎಂಥಾ ಗಂಡ ಸಿಕ್ಕಾನ ಅಂದರು. ನನಗ ಸಿಟ್ಟು ನೆತ್ತಿಗೇರಿತ್ತು. ಬಾಯಿಗೆ ಬಂದ ತುತ್ತು ಕಸಗೊಂಡಂಗ ಆಗಿತ್ತು.

ಅಂದಿನಿಂದ ಅದೇ ಹಣೇಬರ. ಕಿರಾಣಿ ಅಂಗಡ್ಯಾಗ, ಬಸ್ಸಿನಾಗ, ನಾನು ಬಾಯಿ ತೆರೆಯೋದ್ರಾಗ ಅವರು ನನ್ನ ಮಾತು ಮುಗಿಸಿರ್ತಾರ. ಒಳ್ಳೇದಕ್ಕೇ ಮಾಡ್ತಾರ, ಗೊತ್ತದ. ಬೈಯಾಕೂ ಬರಂಗಿಲ್ಲ, ಸುಮ್ಮನಿರಾಕೂ ಆಗಂಗಿಲ್ಲ. ಒಬ್ಬಾಕೇ ರೊಟ್ಟಿ ಬಡಿಯೋ ಮುಂದ ಕೈ ತಾಳಕ್ಕ ಆ ಒಡಪು ಹೇಳಿಕೋತಿದ್ದೆ. ಒಮ್ಮೊಮ್ಮೆ ಹೆಸರೂ ಬರ್ತಿತ್ತು.

ಹೋದ ವರ್ಷ ಅವರು ಎದಿ ಹಿಡಕೊಂಡು ಕುಸಿದರು. ದವಾಖಾನ್ಯಾಗ ಅವರನ್ನ ಒಳಗ ಒಯ್ದು, ನನಗ ಲಗೂ ಚೀಟಿ ಮಾಡಿಸಿಕೊಂಡು ಬಾ ಅಂದರು. ಗಾಬರ್ಯಾಗ ಆಧಾರ ಕಾರ್ಡು ಮನ್ಯಾಗೇ ಉಳಿದಿತ್ತು.

"ಪೇಷಂಟ್ ಹೆಸರ್ರಿ?" ಅಂದ ಚೀಟಿ ಕಿಡಕಿ ಒಳಗ ಕುಂತಾತ.

"ಮ್..."

ಪೆನ್ನು ಕೇಳೋಣಂದ್ರ ಆ ಮಾತೂ ಹೊರಡವಲ್ದು. ಹಿಂದಿನಿಂದ ಯಾರೋ, "ಗಂಡನ ಹೆಸರು ಮರ್ತಿಯೇನಬೇ?" ಅಂದ. ಒಳಗ ಅವರ ಜೀವ, ಹೊರಗ ನನ್ನ ನಾಲಿಗಿ. ಕಿಡಕಿ ಕಟ್ಟಿ ಮ್ಯಾಲೆ ಅಂಗೈ ಬಡದೆ, ರೊಟ್ಟಿ ಬಡದಂಗ. "ಹೊಲಕ್ಕ ಚಂದ ತೊಗರಿ ಹೂವ..." ಸಾಲಿನಾಗಿದ್ದವರು ಕಿಸಕ್ಕನ ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಗ್ತದ! ಬಡಕೋತ ಹೇಳಿದೆ. ಹೆಸರು ಇಡೀ ಬಂತು. ಅಳೂನೂ ಬಂತು.

ಮರುದಿನ ಅವರು ಕಣ್ಣು ಬಿಟ್ಟು, ನರ್ಸಿನ ಬಾಯಿಂದ ಎಲ್ಲಾ ಕೇಳಿ, "ಕಿಡಕಿ ಮುಂದ ಒಡಪು ಹಾಕಿದ್ಯಂತ? ನನ್ನ ಮುಂದೂ ಒಮ್ಮೆ ಹೇಳು" ಅಂದರು.

"ಮ್..."

ಮತ್ತ ಸಿಕ್ಕೊಂತು. ಅವರ ತುಟಿ ಅಲ್ಲಾಡಿದ್ವು. ನಾನು ನೋಡಿದೆ. ಅವರು ಬಾಯಿ ಮುಚ್ಚಿಕೊಂಡು, ನನ್ನ ಮಾರಿ ನೋಡ್ಕೋತ ಕಾದರು.